ಸ್ಟೇಟ್ ಆಫ್ ಜೆಫರ್ಸನ್ ಅಂತ ಬರೆದಿರೋ ಬೆಳ್ಳಿ ಕಾಯಿನ್, ಇದು ಅಸಲಿನಾ?

ಸಂಪಿಗೆಮರ:
ನಮಸ್ಕಾರ ಎಲ್ರಿಗೂ. ನಮ್ ಭಾವ ಅಮೆರಿಕದ ಸ್ಯಾಕ್ರಮೆಂಟೊದಲ್ಲಿರೋದು, ಹೋದ್ ತಿಂಗ್ಳು ಊರಿಗೆ ಬಂದಾಗ ನನ್ ಕಾಯಿನ್ ಹುಚ್ಚು ಗೊತ್ತಿದ್ದಕ್ಕೆ ಇದನ್ನ ತಂದ್ಕೊಟ್ರು. ಒಂದ್ ಕಡೆ ತಟ್ಟೆ ತರ ಏನೋ ಇದೆ, ಅದರೊಳಗೆ ಎರಡು ಎಕ್ಸ್, ಸುತ್ತ ಸ್ಟೇಟ್ ಆಫ್ ಜೆಫರ್ಸನ್, ಕೆಳಗೆ 1941. ನನ್ ಹತ್ರ 50 ಸ್ಟೇಟ್ ಕ್ವಾರ್ಟರ್ (ಅಮೆರಿಕದ ಒಂದೊಂದು ರಾಜ್ಯಕ್ಕೂ ಒಂದೊಂದು ಬಿಟ್ಟಿದ್ದ 25 ಸೆಂಟ್ ಕಾಯಿನ್) ಪೂರ್ತಿ ಸೆಟ್ ಇದೆ, ಅದರಲ್ಲಿ ಈ ಹೆಸರೇ ಇಲ್ಲ. ಯಾವ ರಾಜ್ಯ ಇದು? ಮುಖಬೆಲೆನೂ ಹಾಕಿಲ್ಲ, ಮಾರಿದ್ರೆ ಎಷ್ಟು ಬರ್ಬೋದು?

ಹಳೇಕಾಸು:
ಆ ರಾಜ್ಯ ಹುಟ್ಲೇ ಇಲ್ಲ ಸಾರ್, ಅದೇ ಇದರ ಕಥೆ. ಕ್ಯಾಲಿಫೋರ್ನಿಯಾದ ಉತ್ತರ ತುದಿ, ಒರೆಗಾನ್‌ನ ದಕ್ಷಿಣ ತುದಿ, ಎರಡೂ ಕಡೆ ಗುಡ್ಡಗಾಡು ಜನ, ತಾಮ್ರದ ಅದಿರು ಇದೆ ಆದ್ರೆ ಸಾಗಿಸೋಕೆ ನೆಟ್ಟಗೆ ರಸ್ತೆ ಇಲ್ಲ, ಕೇಳಿ ಕೇಳಿ ಸಾಕಾಗಿ ನಮಗೆ ಬೇರೆ ರಾಜ್ಯನೇ ಬೇಕು ಅಂದ್ರು. 1941ರ ನವೆಂಬರ್‌ನಲ್ಲಿ ವೈರೀಕಾ ಅನ್ನೋ ಊರಿನ ಹತ್ರ ಹೈವೇ 99ರಲ್ಲಿ ಬಂದೂಕು ಹಿಡ್ಕೊಂಡು ಕಾರು ನಿಲ್ಲಿಸಿ ಕರಪತ್ರ ಹಂಚಿದ್ರು, ಪ್ರತಿ ಗುರುವಾರ ನಾವು ಬೇರೆ ಆಗ್ತೀವಿ ಅಂತ ಅದರಲ್ಲಿತ್ತು. ಡಿಸೆಂಬರ್ 4ಕ್ಕೆ ಜಾನ್ ಚೈಲ್ಡ್ಸ್ ಅನ್ನೋರನ್ನ ಗವರ್ನರ್ ಅಂತ ಕೂರಿಸಿದ್ರು. ಮೂರೇ ದಿನಕ್ಕೆ ಪರ್ಲ್ ಹಾರ್ಬರ್ ಮೇಲೆ ಜಪಾನ್ ಬಾಂಬ್ ಬಿತ್ತು, ಅಮೆರಿಕ ಯುದ್ಧಕ್ಕೆ ಇಳೀತು, ಎಲ್ಲಾ ಅಲ್ಲಿಗೇ ನಿಂತೋಯ್ತು. ನೀವು ತಟ್ಟೆ ಅಂದಿದ್ದು ಹೊಳೇಲಿ ಚಿನ್ನ ಜಾಲಿಸೋ ಬಟ್ಟಲು. ಎರಡು ಎಕ್ಸ್ ಅಂದ್ರೆ ಡಬಲ್ ಕ್ರಾಸ್, ಇಂಗ್ಲಿಷ್‌ನಲ್ಲಿ ಮೋಸ ಅಂತ ಅರ್ಥ; ಒರೆಗಾನ್‌ನ ಸೇಲಂ, ಕ್ಯಾಲಿಫೋರ್ನಿಯಾದ ಸ್ಯಾಕ್ರಮೆಂಟೊ ಎರಡೂ ರಾಜಧಾನಿ ನಮಗೆ ಕೈ ಕೊಟ್ವು ಅಂತ.

ತೂಕದಕಲ್ಲು:
ಅಸಲಿನಾ ಅಂತ ಕೇಳಿದ್ರಲ್ಲ ಅದಕ್ಕೆ ಹೇಳ್ತೀನಿ. ಇದು ಕಾಯಿನ್ ಅಲ್ಲ, ಯಾರೋ ಖಾಸಗಿಯವರು ಹೊಡೆಸಿರೋ ಮೆಡಲ್, ರೌಂಡ್ ಅಂತಾರೆ, ಅದಕ್ಕೇ ಮುಖಬೆಲೆ ಇಲ್ಲ. 1941 ಅಂತ ಇದ್ದ ಮಾತ್ರಕ್ಕೆ ಆ ವರ್ಷದ್ದು ಅನ್ಕೋಬೇಡಿ. ಇನ್ನೊಂದು ವಿಷ್ಯ, ಜೆಫರ್ಸನ್ ನಿಜವಾಗ್ಲೂ ರಾಜ್ಯ ಆಗಿದ್ರೂ ನಾಣ್ಯ ಹೊಡಿಯೋಕೆ ಆಗ್ತಿರ್ಲಿಲ್ಲ, ಅಮೆರಿಕದ ಸಂವಿಧಾನದಲ್ಲೇ ಯಾವ ರಾಜ್ಯಾನೂ ಟಂಕಿಸಬಾರದು ಅಂತಿದೆ. ತೂಕ ನೋಡಿ, ಒಂದು ಔನ್ಸ್ .999 ಬೆಳ್ಳಿ ಅಂತ ಬರೆದಿದ್ರೆ 31.1 ಗ್ರಾಂ ಬರ್ಬೇಕು, ಆಯಸ್ಕಾಂತಕ್ಕೆ ಅಂಟಬಾರದು. ರೇಟು ಬೆಳ್ಳಿ ರೇಟಿನ ಮೇಲೆ ಸ್ವಲ್ಪ ಅಷ್ಟೇ. ದಯವಿಟ್ಟು ಅಕ್ಕಸಾಲಿಗರ ಹತ್ರ ಒರೆಗಲ್ಲಿಗೆ ಉಜ್ಜಿಸಬೇಡಿ, ಕಪ್ಪಾಗಿದೆ ಅಂತ ಹುಣಸೆಹಣ್ಣು ಹಾಕಿ ತಿಕ್ಲೂಬೇಡಿ!! ನಮ್ಮನೇಲಿ ಒಂದು ಹಳೇ ಬೆಳ್ಳಿ ರೂಪಾಯಿ ಹಂಗೇ ಹಾಳಾಗಿದ್ದು, ಇವತ್ತಿಗೂ ಹೊಟ್ಟೆ ಉರಿಯುತ್ತೆ.

ಟಂಕಸಾಲೆ_ಹುಬ್ಬಳ್ಳಿ:
ಆಗದೇ ಇರೋ ರಾಜ್ಯದ ಖರೆ ರೊಕ್ಕ ನೋಡ್ಬೇಕಂದ್ರ ಡೆಸೆರೆಟ್ ಬಗ್ಗೆ ಓದ್ರಿ. 1849ರಾಗ ಮಾರ್ಮನ್ ಅನ್ನೋ ಕ್ರೈಸ್ತ ಪಂಥದ ಮುಖಂಡ ಬ್ರಿಗಮ್ ಯಂಗ್ ಕಡೆಯ ಮಂದಿ ಸಾಲ್ಟ್ ಲೇಕ್ ಸಿಟಿ ಸುತ್ತ ದೊಡ್ಡ ರಾಜ್ಯ ಕೇಳಿದ್ರು, ಕಾಂಗ್ರೆಸ್ (ಅಮೆರಿಕದ ಸಂಸತ್ತು) ಒಪ್ಪಲಿಲ್ಲ, 1850ಕ್ಕ ಬರೇ ಯೂಟಾ ಟೆರಿಟರಿ, ಅಂದ್ರ ರಾಜ್ಯದ ದರ್ಜೆ ಇಲ್ಲದ ಪ್ರದೇಶ, ಮಾಡ್ತು. ಆದ್ರ ಅವರು ಕ್ಯಾಲಿಫೋರ್ನಿಯಾದಿಂದ ಬಂದ ಚಿನ್ನದ ಪುಡಿ ಕರಗಿಸಿ ಎರಡೂವರೆ, 5, 10, 20 ಡಾಲರ್ ನಾಣ್ಯ ಹೊಡೆದ್ರು, ಅದ್ರಾಗ ಕೈಕುಲುಕೋ ಚಿತ್ರ ಐತಿ. ಬರೆದಷ್ಟು ಬೆಲೆಯ ಚಿನ್ನ ಅದ್ರಾಗ ಇರಲಿಲ್ಲ ಅಂತ ಗೊತ್ತಾದ ಮ್ಯಾಲೆ ಭಾಳಷ್ಟು ಕರಗಿಸಿಬಿಟ್ರು, ಉಳಿದಿದ್ದು ಈಗ ನಮ್ಮಂಥವರ ಕೈಗೆ ಸಿಗೂದಲ್ಲ. 1860ರ 5 ಡಾಲರ್ ನಾಣ್ಯದ ಮ್ಯಾಲೆ ಅವರೇ ಕಟ್ಟಿದ್ದ ಡೆಸೆರೆಟ್ ಲಿಪಿನೂ ಐತ್ರಿ, ರಾಜ್ಯ ಸಿಗದಿದ್ರೂ ಲಿಪಿ ನಾಣ್ಯದ ಮ್ಯಾಲೆ ಉಳೀತು, ನನಗ ಇದು ಭಾಳ ಮನಸಿಗೆ ಹಿಡಿಸ್ತು. ಫ್ರಾಂಕ್ಲಿನ್ ಅಂತ ಇನ್ನೊಂದು, 1784ರಾಗ ಈಗಿನ ಟೆನೆಸಿ ಪೂರ್ವಭಾಗದಾಗ ಶುರುವಾಗಿದ್ದು, ಅಲ್ಲಿ ರೊಕ್ಕದ ಬರ, ತೆರಿಗೆಗೆ ಪ್ರಾಣಿ ಚರ್ಮ ತಗೋತಿದ್ರು.

ಸಂಪಿಗೆಮರ:
ಎಲ್ರಿಗೂ ತುಂಬಾ ಥ್ಯಾಂಕ್ಸ್. ಚಿನ್ನಬೆಳ್ಳಿ ಅಂಗಡಿ ತಕ್ಕಡಿಲಿ ಇಟ್ಟು ನೋಡ್ದೆ, 31.1 ಸರಿಯಾಗಿ ಬಂತು. ಮಾರಲ್ಲ ಬಿಡಿ. ಕ್ಯಾಲಿಫೋರ್ನಿಯಾ, ಒರೆಗಾನ್ ಎರಡೂ ಕ್ವಾರ್ಟರ್ 2005ರವು, ಆಲ್ಬಮ್‌ನಲ್ಲಿ ಒಂದೇ ಪುಟದಲ್ಲಿವೆ, ಇದು ದೊಡ್ಡದು, ಆ ತೂತಿಗೆ ಹಿಡಿಸಲ್ಲ, ಕಾಯಿನ್ ಇಡೋ ಪ್ಲಾಸ್ಟಿಕ್ ಕ್ಯಾಪ್ಸೂಲ್‌ಗೆ ಹಾಕಿ ಅದೇ ಪುಟದ ಹಿಂದೆ ಇಡ್ತೀನಿ.