ಅಪ್‌ಡೇಟ್: ಎರಡು ತುಂಡುಗಳ ಬಿಲ್ಲು ಕೊನೆಗೂ ಬಾಗಿತು

ಉದ್ದನೆಯ ಮರ ಸಿಗದೆ, ಹಿಕರಿ ಎಂಬ ಗಟ್ಟಿ ಮರದ ಎರಡು ಗಿಡ್ಡ ತುಂಡುಗಳನ್ನು ಹಿಡಿಯ ಜಾಗದಲ್ಲಿ ಬೆಸೆದರೆ ಬಿಲ್ಲು ತಾಳುತ್ತದೆಯೇ ಎಂದು ಹಿಂದೆ ಕೇಳಿದ್ದೆ. ತಾಳುತ್ತದೆ. ಆದರೆ ಮೊದಲ ಪ್ರಯತ್ನದಲ್ಲಿ ಬೆಸುಗೆ ಬಿಟ್ಟುಕೊಂಡಿತು.

ಬಿಚ್ಚಿಕೊಂಡ ಮೈಯನ್ನು ಬೆಳಕಿಗೆ ಹಿಡಿದು ನೋಡಿದೆ. ನಡುಭಾಗದಲ್ಲಿ ಅಂಟೇ ಇರಲಿಲ್ಲ, ಬರೀ ಒಣ ಮರ. ಕ್ಲ್ಯಾಂಪನ್ನು ಜೋರಾಗಿ ಬಿಗಿದಷ್ಟೂ ಒಳ್ಳೆಯದೆಂದುಕೊಂಡಿದ್ದೆ; ಎಪಾಕ್ಸಿ ಅಂಟೆಲ್ಲ ಅಂಚಿನಿಂದ ಹೊರಬಂದಿತ್ತು. ಈ ಸಲ ಸುಮಾರು 10 ಸೆಂಟಿಮೀಟರ್ ಉದ್ದದ, ಝಡ್ ಆಕಾರದ ಹಲ್ಲುಗಳನ್ನು ಹೊಸದಾಗಿ ಕೊಯ್ದೆ. ಒಣದಾಗಿಯೇ ಜೋಡಿಸಿ, ಸಂದಿನಲ್ಲಿ ಬೆಳಕು ಕಾಣದವರೆಗೂ ಉಳಿಯಿಂದ ಸವರಿದೆ. ಎರಡೂ ಮೈಗೆ ಅಂಟು ಹಚ್ಚಿ, ಹದವಾಗಿ ಬಿಗಿದು, ಪೂರ್ತಿ ಗಟ್ಟಿಯಾಗುವವರೆಗೆ ಮುಟ್ಟಲಿಲ್ಲ.

ಒಂದೇ ದಿಮ್ಮಿಯಿಂದ ಅಕ್ಕಪಕ್ಕದಲ್ಲೇ ಸೀಳಿದ ತುಂಡುಗಳನ್ನು ಆರಿಸಿ ಎಂದವರಿಗೆ ನಾನು ಋಣಿ. ಎರಡು ತೋಳುಗಳೂ ಹೆಚ್ಚುಕಡಿಮೆ ಒಂದೇ ರೀತಿ ಬಾಗುತ್ತಿವೆ. ಹಿಡಿಯನ್ನು ದಪ್ಪವಾಗಿಯೇ ಉಳಿಸಿದ್ದೇನೆ, ಬೆಸುಗೆ ಬಾಗಲೇಬಾರದು. ಬಿಲ್ಲಿನ ಬೆನ್ನಿನ (ಗುರಿಯ ಕಡೆಗಿರುವ ಮೈಯ) ಬೆಳವಣಿಗೆಯ ಉಂಗುರ, ಅಂದರೆ ಮರದ ವಾರ್ಷಿಕ ಪದರ, ಎಲ್ಲೂ ಕಡಿದಿಲ್ಲ.

ಹೆದೆ ಎಳೆದು ನೋಡುವುದು, ಬಾಗದ ಕಡೆ ಹೊಟ್ಟೆಯ (ಬಿಲ್ಲುಗಾರನ ಕಡೆಗಿರುವ ಮೈಯ) ಬದಿಯಿಂದ ಅರದಲ್ಲಿ ನಾಲ್ಕು ಎಳೆ ಉಜ್ಜುವುದು, ಮತ್ತೆ ಎಳೆಯುವುದು: ಈ ಕೆಲಸಕ್ಕೇ ಹೆಚ್ಚು ದಿನ ಹಿಡಿಯಿತು. ಕೆಳತೋಳಿನ ತುದಿ ಬಹಳ ಹೊತ್ತು ಹಟ ಹಿಡಿದಿತ್ತು.

ಈಗ ಹೆದೆಯನ್ನು 28 ಇಂಚಿಗೆ ಎಳೆಯಲು 38 ಪೌಂಡ್ ಬಲ ಬೇಕು. ನೂರಕ್ಕೂ ಹೆಚ್ಚು ಬಾಣ ಬಿಟ್ಟಾಯಿತು, ಬೆಸುಗೆಯ ಗೆರೆ ಕದಲಿಲ್ಲ. ಹಿಡಿಗೆ ಚರ್ಮ ಸುತ್ತುವುದು ಬಾಕಿ ಇದೆ. ಆ ಗೆರೆಯನ್ನು ಮುಚ್ಚಲು ಮನಸ್ಸು ಬರುತ್ತಿಲ್ಲ.