ಕಾರಿನ ಇಗ್ನಿಷನ್ ಸ್ವಿಚ್ ಮನೆಯಲ್ಲೇ ಬದಲಿಸಿದವರು ಇದ್ದೀರಾ?

ಕೀ ತಿರುಗಿಸಿದರೆ ಕೆಲವೊಮ್ಮೆ ಏನೂ ಆಗುವುದಿಲ್ಲ, ಸ್ವಲ್ಪ ಅಲ್ಲಾಡಿಸಿದರೆ ಸ್ಟಾರ್ಟ್ ಆಗುತ್ತದೆ. ನಿನ್ನೆ ಓಡುತ್ತಿರುವಾಗಲೇ ಡ್ಯಾಶ್‌ಬೋರ್ಡ್ ಒಂದು ಕ್ಷಣ ಪೂರ್ತಿ ಆರಿಹೋಯಿತು. ಸ್ವಿಚ್ ನಾನೇ ಬದಲಿಸಬಹುದಾ? ಮಾಡಿದವರು ದಯವಿಟ್ಟು ಹೇಳಿ.

— ಖಂಡಿತ ಮಾಡಬಹುದು, ನಾನು ಮಾಡಿದ್ದೇನೆ. ಆದರೆ ಕೆಟ್ಟಿರುವುದು ಯಾವುದು ಅಂತ ಮೊದಲು ನೋಡಿ. ಕೀ ಹೋಗುವ ಬೀಗ ಬೇರೆ, ಅದರ ಹಿಂದೆ ಕೂತಿರುವ ಕರೆಂಟ್ ಸ್ವಿಚ್ ಬೇರೆ, ಎಷ್ಟೋ ಕಾರುಗಳಲ್ಲಿ ಎರಡೂ ಬಿಡಿಬಿಡಿಯಾಗಿ ಸಿಗುತ್ತವೆ. ಕೀ ಸಿಕ್ಕಿಹಾಕಿಕೊಂಡರೆ ಬೀಗದ ತೊಂದರೆ. ಕೀ ಸಲೀಸಾಗಿ ತಿರುಗಿಯೂ ಕರೆಂಟ್ ಬಂದು ಹೋಗಿ ಮಾಡಿದರೆ ಸ್ವಿಚ್ ಮೇಲೇ ಅನುಮಾನ ಜಾಸ್ತಿ. ಬ್ಯಾಟರಿಯನ್ನೂ ಮರೆಯಬೇಡಿ: ಎಂಜಿನ್ ಆಫ್ ಇದ್ದಾಗ ವೋಲ್ಟ್‌ಮೀಟರ್‌ನಲ್ಲಿ 12.6 ವೋಲ್ಟ್ ಹತ್ತಿರ ಇರಬೇಕು, ಟರ್ಮಿನಲ್ ಸಡಿಲ ಇರಬಾರದು.

ಕೆಲಸಕ್ಕೆ ಇಳಿದಾಗ ಮೊದಲು ಬ್ಯಾಟರಿಯ ನೆಗೆಟಿವ್ ತೆಗೆದಿಟ್ಟು, ಏರ್‌ಬ್ಯಾಗ್ ಸರ್ಕ್ಯೂಟ್‌ನಲ್ಲಿ ಉಳಿದ ಚಾರ್ಜ್ ಇಳಿಯುವವರೆಗೆ ಮ್ಯಾನುಯಲ್‌ನಲ್ಲಿ ಹೇಳಿದಷ್ಟು ಹೊತ್ತು ಸುಮ್ನೆ ಕಾಯಿರಿ. ಸ್ಟೀರಿಂಗ್ ಕೆಳಗಿನ ಪ್ಲಾಸ್ಟಿಕ್ ಕವರ್‌ನ ಸ್ಕ್ರೂಗಳು ಸಾಮಾನ್ಯವಾಗಿ ಕೆಳಗಡೆಯಿಂದ ಇರುತ್ತವೆ. ಸ್ಟೀರಿಂಗ್ ಚಕ್ರ ಬಿಚ್ಚುವ ಅಗತ್ಯ ಹೆಚ್ಚಿನ ಕಾರುಗಳಲ್ಲಿ ಇಲ್ಲ. ಸ್ವಿಚ್ ಒಂದೆರಡು ಸಣ್ಣ ಸ್ಕ್ರೂ ಮೇಲೆ ನಿಂತಿರುತ್ತದೆ. ಹೊಸದನ್ನು ಕೂರಿಸುವಾಗ ಅದರ ನಡುವಿನ ಸೀಳು ಬೀಗದ ನಾಲಿಗೆಗೆ ಸರಿಯಾಗಿ ಹೊಂದಬೇಕು. ಹಳೆಯದು ಯಾವ ಸ್ಥಾನದಲ್ಲಿತ್ತೋ ಹೊಸದನ್ನೂ ಅಲ್ಲಿಗೇ ತಿರುಗಿಸಿಕೊಳ್ಳಿ, ಒತ್ತಿ ತುರುಕಿದರೆ ಮುರಿಯುತ್ತದೆ.

— ಮೇಲಿನವರು ಹೇಳಿದ್ದಕ್ಕೆ ಒಂದು ಸೇರಿಸುತ್ತೇನೆ. ಸ್ವಿಚ್‌ಗೆ ವೈರ್‌ಗಳನ್ನು ಜೋಡಿಸುವ ಕನೆಕ್ಟರ್ ಬಿಚ್ಚಿದ ಮೇಲೆ ಅದರ ಒಳಗೆ ಟಾರ್ಚ್ ಬಿಟ್ಟು ನೋಡಿ. ನಮ್ಮದರಲ್ಲಿ ಒಂದು ಪಿನ್ನಿನ ಸುತ್ತ ಪ್ಲಾಸ್ಟಿಕ್ ಕಂದು ಬಣ್ಣಕ್ಕೆ ತಿರುಗಿ ಉಬ್ಬಿತ್ತು, ಪಿನ್ ಕಪ್ಪಾಗಿತ್ತು. ಅಂಥ ಕನೆಕ್ಟರ್‌ಗೆ ಹೊಸ ಸ್ವಿಚ್ ಹಾಕಿದರೆ ಅದೂ ಸುಡುತ್ತದೆ, ಯಾಕೆಂದರೆ ಸಡಿಲ ಪಿನ್ನಿನಲ್ಲೇ ಬಿಸಿ ಹುಟ್ಟುವುದು. ರಿಲೇ (ಹೆಚ್ಚಿನ ಕರೆಂಟನ್ನು ಸ್ವಿಚ್ ಬದಲು ತಾನೇ ಹಾಯಿಸುವ ಸಣ್ಣ ಡಬ್ಬಿ) ಇಲ್ಲದೆ ಹೆಚ್ಚುವರಿ ಲೈಟ್ ಏನಾದರೂ ಆ ವೈರಿಗೆ ಜೋಡಿಸಿದ್ದರೆ ಅದನ್ನೂ ಸರಿಮಾಡಿಸಿ.

— ಬದಲಿಸುವವರೆಗೆ ಓಡಿಸಬೇಡಿ ಅಂತ ನನ್ನ ಕಳಕಳಿಯ ಮಾತು. ಓಡುವಾಗ ಕರೆಂಟ್ ಹೋದರೆ ಎಂಜಿನ್ ನಿಲ್ಲುತ್ತದೆ, ಪವರ್ ಸ್ಟೀರಿಂಗ್ ಗಟ್ಟಿಯಾಗುತ್ತದೆ, ಏರ್‌ಬ್ಯಾಗ್ ಕೂಡ ತೆರೆಯದೇ ಇರಬಹುದು. 2014ರಲ್ಲಿ ಜನರಲ್ ಮೋಟರ್ಸ್ ಲಕ್ಷಾಂತರ ಕಾರುಗಳನ್ನು ವಾಪಸ್ ಕರೆದದ್ದು ಇದೇ ಥರದ ಕಾರಣಕ್ಕೆ ಅಲ್ವಾ, ಕೀ ತಾನಾಗಿ ಆನ್‌ನಿಂದ ಜಾರುತ್ತಿತ್ತು. ಕೀಗೊಂಚಲು ಭಾರ ಇದ್ದರೆ ಇವತ್ತೇ ಹಗುರ ಮಾಡಿ.

— ಬೀಗವೇ ಕೆಟ್ಟಿದ್ದರೆ ಮಾತ್ರ ಯೋಚಿಸಿ ಕೈ ಹಾಕಿ. ಕಳ್ಳರು ಬಿಚ್ಚಬಾರದು ಅಂತ ಅದರ ಬೋಲ್ಟ್‌ಗಳ ತಲೆಯನ್ನು ಬಿಗಿಯುವಾಗಲೇ ಮುರಿದುಹೋಗುವ ಹಾಗೆ ಮಾಡಿರುತ್ತಾರೆ, ಸ್ಪ್ಯಾನರ್ ಹಿಡಿಯುವುದಿಲ್ಲ, ಡ್ರಿಲ್ ಬೇಕು. ಕೀ ರಂಧ್ರದ ಸುತ್ತ ಇಮೊಬಿಲೈಸರ್ (ಸರಿಯಾದ ಕೀ ಇಲ್ಲದೆ ಎಂಜಿನ್ ಸ್ಟಾರ್ಟ್ ಆಗದಂತೆ ತಡೆಯುವ ವ್ಯವಸ್ಥೆ) ಆಂಟೆನಾದ ಉಂಗುರವೂ ಎಷ್ಟೋ ಕಾರುಗಳಲ್ಲಿ ಇರುತ್ತದೆ, ಎಳೆಯಬೇಡಿ. ಸ್ವಿಚ್ ಮಾತ್ರ ಆದರೆ ಧೈರ್ಯವಾಗಿ ಮಾಡಿ. ಕವರ್ ಮುಚ್ಚುವ ಮೊದಲು ಕೀಯನ್ನು ಎಲ್ಲ ಸ್ಥಾನಕ್ಕೂ ತಿರುಗಿಸಿ ನೋಡಿ, ಸ್ಟಾರ್ಟ್‌ನಿಂದ ಕೈ ಬಿಟ್ಟ ಕೂಡಲೇ ಅದು ತಾನಾಗಿ ಆನ್‌ಗೆ ಮರಳಬೇಕು.