ಕನ್ನಡ ಪ್ಯಾರಾಗಳಿಗೆ ಮಾತ್ರ ಸ್ಟೈಲ್ ಹತ್ತುತ್ತಿಲ್ಲ

ಪ್ರಶ್ನೆ: ಕಾಸರಗೋಡಿನ ಅಡಿಕೆ ಕೃಷಿಕರ ವೆಬ್ ಪುಟ, ಕನ್ನಡ–ಮಲಯಾಳಂ ಎರಡೂ ಉಂಟು. ಕನ್ನಡಕ್ಕೆ ಮಾತ್ರ ಲೈನ್-ಹೈಟ್ (ಸಾಲಿನ ಎತ್ತರ) 1.8 ಬೇಕು. ಸಿಎಸ್‌ಎಸ್‌ನಲ್ಲಿ (ಪುಟದ ನೋಟ ಹೇಳುವ ಭಾಷೆ) ಪಿ[ಲ್ಯಾಂಗ್="ಕೆಎನ್"], ಅಂದರೆ ಕನ್ನಡ (ಕೆಎನ್) ಎಂದು ಗುರುತಿರುವ ಪ್ಯಾರಾ (ಪಿ), ಎಂದು ಬರೆದರೆ ಕೆಲಸ ಮಾಡುವುದಿಲ್ಲ. ಲ್ಯಾಂಗ್="ಕೆಎನ್-ಐಎನ್" ಇರುವುದು ಪ್ಯಾರಾಗಳನ್ನು ಸುತ್ತಿರುವ ಹೊರಗಿನ ಡಿವ್ ಟ್ಯಾಗ್‌ನಲ್ಲಿ.

ಉತ್ತರ: ಕಾರಣ ಅಲ್ಲೇ ಉಂಟು. ಚೌಕ ಬ್ರಾಕೆಟ್ ಆ ಟ್ಯಾಗ್‌ನಲ್ಲೇ ಬರೆದದ್ದನ್ನು ಅಕ್ಷರಶಃ ನೋಡುತ್ತದೆ. ನಿಮ್ಮ ಪಿಯಲ್ಲಿ ಲ್ಯಾಂಗೇ ಇಲ್ಲ, ಇದ್ದರೂ ‘-ಐಎನ್’ನಿಂದಾಗಿ ತಾಳೆಯಾಗದು. ಪಿ:ಲ್ಯಾಂಗ್(ಕೆಎನ್) ಹಾಕಿ. ಹೊರಗಿನ ಡಿವ್‌ನಿಂದ ಬಂದ ಭಾಷೆಯೂ ಅದಕ್ಕೆ ಲೆಕ್ಕ, ಕೆಎನ್-ಐಎನ್ ಕೂಡ ಸೇರುತ್ತದೆ.

ಪ್ರಶ್ನೆ: ಈಗ ಬ್ರೌಸರಿನ ಇನ್ಸ್‌ಪೆಕ್ಟರ್‌ನಲ್ಲಿ (ಪುಟದ ನಿಯಮ ತೋರಿಸುವ ಸಾಧನ) ನಿಯಮ ಕಾಣುತ್ತದೆ, ಆದರೆ ಅಡ್ಡಗೆರೆ ಬಿದ್ದಿದೆ.

ಇನ್ನೊಂದು ಉತ್ತರ: ಹಾಗಾದರೆ ಸೆಲೆಕ್ಟರ್ (ನಿಯಮ ಯಾವುದಕ್ಕೆ ಎಂದು ಹೇಳುವ ಭಾಗ) ಸರಿಯಿದೆ, ಬೇರೆ ನಿಯಮ ಗೆದ್ದಿದೆ. ಥೀಮಿನಲ್ಲಿ #ಮೇನ್ ಪಿ (‘ಮೇನ್’ ಎಂಬ ಐಡಿಯ ಒಳಗಿನ ಪ್ಯಾರಾ) ಉಂಟಾ ನೋಡಿ. ತೂಕವೆಂದರೆ ಐಡಿ, ಕ್ಲಾಸ್ ಅಥವಾ :ಲ್ಯಾಂಗ್‌ನಂಥದ್ದು, ಟ್ಯಾಗ್ ಎಷ್ಟೆಷ್ಟು ಎಂಬ ಲೆಕ್ಕ, ಎಡದ ಅಂಕಿಯಿಂದ ಹೋಲಿಸುವುದು. ಅದರ ತೂಕ 1-0-1, ನಿಮ್ಮದು 0-1-1. #ಮೇನ್ ಪಿ:ಲ್ಯಾಂಗ್(ಕೆಎನ್) ಬರೆದರೆ 1-1-1. ದಯವಿಟ್ಟು !ಇಂಪಾರ್ಟೆಂಟ್ (ತೂಕ ನೋಡದೆ ಗೆಲ್ಲಿಸುವ ಗುರುತು) ಬೇಡ, ಮೊಬೈಲಿಗೆ ಬೇರೆ ಅಳತೆ ಕೊಡುವಾಗ ಅದೇ ಅಡ್ಡ ಬರುತ್ತದೆ.